ಜೋರು ಮಾಡಿದರೆ ನಿಲ್ಲುತ್ತಿದ್ದ ಸೋಲಾರ್ ದೋಣಿ

ಶಿರಿಯ ಹೊಳೆಯಲ್ಲಿ ಅಪ್ಪ ಓಡಿಸುತ್ತಿದ್ದ ಹಳೆ ಸೀಮೆಎಣ್ಣೆ ದೋಣಿಗೆ 48 ವೋಲ್ಟಿನ 2 ಕಿಲೋವ್ಯಾಟ್ ಮೋಟರ್ ಹಾಕಿದೆ. ಚಪ್ಪರದ ಮೇಲೆ ಸೋಲಾರ್ ಪ್ಯಾನಲ್. ನಿಧಾನಕ್ಕೆ ಹೋದರೆ ಸರಿ. ಇಳಿತದ ಸೆಳೆತಕ್ಕೆ ಎದುರಾಗಿ ಜೋರು ಮಾಡಿದರೆ ಮೋಟರ್ ಬಂದ್!

ಸುಮ್ನೆ ಬ್ಯಾಟರಿಯನ್ನು ಬೈದೆ. ಕೊನೆಗೆ ಮಲ್ಟಿಮೀಟರ್ ಹಿಡಿದೆ. ಓಡುವಾಗ ಬ್ಯಾಟರಿ ಬಳಿ 49 ವೋಲ್ಟ್, ಮೋಟರ್ ಬಳಿ 45. ವಯರ್ ಮುಟ್ಟಿದರೆ ಬಿಸಿ. 40 ಆಂಪಿಯರ್‌ಗಿಂತ ಜಾಸ್ತಿ ಹರಿಯುವಲ್ಲಿ ನಾನು ಹಾಕಿದ್ದು 4 ಚದರ ಮಿಲಿಮೀಟರ್‌ನ ತೀರಾ ಸಪೂರ ವಯರ್. ಮನೆಯಲ್ಲಿ ಉಳಿದಿತ್ತು ಅಲ್ವಾ! ವೋಲ್ಟೇಜ್ ಕುಸಿದದ್ದು ಕಂಡು, ಮೋಟರನ್ನು ನಿಯಂತ್ರಿಸುವ ಕಂಟ್ರೋಲರ್ ಅದನ್ನು ಕಟ್ ಮಾಡುತ್ತಿತ್ತು.

ತವರ ಲೇಪಿಸಿದ 35 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಎಳೆದೆ. ಉಪ್ಪುನೀರಿಗೆ ಹಸಿರುಗಟ್ಟಿದ್ದ ಲಗ್ಗುಗಳನ್ನೂ (ವಯರಿನ ತುದಿಗೆ ಹಾಕುವ ಲೋಹದ ಕೊಂಡಿ) ಬದಲಿಸಿದೆ. ಈಗ ವ್ಯತ್ಯಾಸ ಅರ್ಧ ವೋಲ್ಟೂ ಇಲ್ಲ. ಸದ್ದು ಮಾಡದ ದೋಣಿಯನ್ನು ಅಪ್ಪ ಮಾತ್ರ ಇನ್ನೂ ನಂಬಿಲ್ಲ, ಹುಟ್ಟು ಬಿಟ್ಟು ಹೊರಡುವುದಿಲ್ಲ.