ಸೀರಿಯಲ್ ಸೆಟ್ ಹಚ್ಚುವ ಮೊದಲು ವೈರ್ ಸವರಿ ನೋಡಿ

ಕ್ರಿಸ್‌ಮಸ್, ಹೊಸ ವರ್ಷಕ್ಕೆ ಮನೆ ಸಿಂಗರಿಸುವವರು ದಯವಿಟ್ಟು ಇದನ್ನು ಓದಿ. ಹೋದ ವರ್ಷದ ಸೀರಿಯಲ್ ಸೆಟ್ಟನ್ನು ಡಬ್ಬದಿಂದ ತೆಗೆದ ಕೂಡಲೇ ಪ್ಲಗ್‌ಗೆ ಹಾಕಬೇಡಿ. ಮೊದಲು ವೈರನ್ನು ಎರಡು ಬೆರಳಲ್ಲಿ ಹಿಡಿದು ಉದ್ದಕ್ಕೂ ಸವರುತ್ತಾ ಹೋಗಿ. ನಾನು ಹಾಗೆ ನೋಡಿದಾಗ ಪ್ಲಗ್ ಹತ್ತಿರವೇ ಪ್ಲಾಸ್ಟಿಕ್ ಬಿರಿದು, ಒಳಗಿನ ತಾಮ್ರದ ಎಳೆ ಇಣುಕುತ್ತಿತ್ತು. ಟೇಪ್ ಸುತ್ತಿದರೆ ಸಾಕು ಅನ್ನಿಸುತ್ತದೆ, ಅಲ್ವಾ? ಬೇಡ, ಅಂಥ ಸೆಟ್ಟನ್ನು ಬಿಸಾಡಿಬಿಡಿ.

ಒಂದು ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಇನ್ನೊಂದನ್ನು ಸಿಕ್ಕಿಸಬೇಡಿ. ವೈರನ್ನು ಕಾರ್ಪೆಟ್ ಅಡಿ ಬಚ್ಚಿಡುವುದೂ ಬೇಡ. ಬಿಸಿ ಒಳಗೇ ಉಳಿಯುತ್ತದೆ, ತುಳಿದು ತುಳಿದು ಸವೆದದ್ದು ಕಣ್ಣಿಗೂ ಬೀಳುವುದಿಲ್ಲ. ಹೊಸದು ಕೊಳ್ಳುವುದಾದರೆ ಎಲ್‌ಇಡಿ ತೆಗೆದುಕೊಳ್ಳಿ, ಹಳೇ ಬಲ್ಬ್‌ಗಿಂತ ತುಂಬಾ ಕಮ್ಮಿ ಬಿಸಿಯಾಗುತ್ತದೆ.

ನಿಜವಾದ ಮರ ತಂದಿದ್ದೀರಾ? ಬುಡದಿಂದ ಒಂದು ಇಂಚು ಕತ್ತರಿಸಿ ನೀರಿನಲ್ಲಿ ನಿಲ್ಲಿಸಿ, ಆಗ ಚೆನ್ನಾಗಿ ಹೀರುತ್ತದೆ. ದಿನಾ ನೀರು ತುಂಬಿಸಿ. ಆಗಾಗ ಒಂದು ಕೊಂಬೆ ಹಿಡಿದು ಮೆಲ್ಲಗೆ ಸವರಿ. ಸೂಜಿಯಂಥ ಎಲೆಗಳು ಸುಮ್ನೆ ಅಂಗೈಗೆ ಉದುರಿದರೆ ಮರ ಒಣಗಿದೆ ಎಂದರ್ಥ. ಒಣಗಿದ ಮರಕ್ಕೆ ಕಿಡಿ ತಗುಲಿದರೆ ಒಂದೇ ನಿಮಿಷದೊಳಗೆ ಧಗಧಗ ಉರಿಯುತ್ತದೆ. ರಜೆ ಇನ್ನೂ ಮುಗಿಯದಿದ್ದರೂ ಪರವಾಗಿಲ್ಲ, ಹೊರಗೆ ಸಾಗಿಸಿ.

ಮೇಣದಬತ್ತಿ ಪರದೆಯಿಂದ, ಕಾಗದದ ಅಲಂಕಾರದಿಂದ ಕನಿಷ್ಠ 30 ಸೆಂ.ಮೀ. ದೂರ ಇರಲಿ.

ಪುಟ್ಟ ಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು. ಮಿನುಗುವ ಗೊಂಬೆಗಳಲ್ಲಿ ಗುಂಡಿಯಂಥ ಬ್ಯಾಟರಿ ಇರುತ್ತದೆ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಸ್ಕ್ರೂ ಹಾಕಿದ ಮುಚ್ಚಳ ಇರುವುದನ್ನೇ ತನ್ನಿ. ನುಂಗಿದೆ ಅನ್ನುವ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.