ಹೊಗೆ ಎಲ್ಲಿ ಹಾಕಬೇಕು: ವಾರ್‌ಗೇಮ್ ಮೇಜಿನಿಂದ ನನ್ನ ಅನುಭವ

ನಾನು ಸೈನಿಕನಲ್ಲ. ನಕ್ಷೆಯ ಮೇಲೆ ಕಾಯಿ ಇಟ್ಟು, ದಾಳ ಉರುಳಿಸಿ ಆಡುವ ವಾರ್‌ಗೇಮ್‌ಗಳ ಹುಚ್ಚು ಹಿಡಿದವನು. ಜಾಸ್ತಿ ಆಡುವುದು 1985ರಲ್ಲಿ ಬಂದ ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್. ಎರಡನೇ ಮಹಾಯುದ್ಧದ ಸಣ್ಣ ಸಣ್ಣ ಕಾಳಗಗಳು ಇದರಲ್ಲಿವೆ. ಒಂದು ಕಾಯಿ ಅಂದರೆ ಹತ್ತು ಜನರ ಒಂದು ತುಕಡಿ. ನಕ್ಷೆಯ ಮೇಲೆ ಚದುರಂಗದ ಮನೆಗಳ ಹಾಗೆ ಆರು ಮೂಲೆಯ ಮನೆಗಳಿವೆ, ಅಂಥ ಒಂದು ಮನೆ ಅಂದರೆ 40 ಮೀಟರ್ ನೆಲ. ಒಂದು ಸುತ್ತು ಅಂದರೆ ಸುಮಾರು ಎರಡು ನಿಮಿಷ.

ಹೊಸದಾಗಿ ಆಡಲು ಬರುವವರು ಟ್ಯಾಂಕ್ ಬಗ್ಗೆ ಕೇಳುತ್ತಾರೆ, ಮಷಿನ್ ಗನ್ ಬಗ್ಗೆ ಕೇಳುತ್ತಾರೆ. ಹೊಗೆಯ ಬಗ್ಗೆ ಕೇಳುವವರು ಕಡಿಮೆ. ಆದರೆ ಬಯಲು ದಾಟಿ ದಾಳಿ ಮಾಡಬೇಕಾದ ಆಟದಲ್ಲಿ ನಾನು ಮೊದಲು ಎಣಿಸಿಕೊಳ್ಳುವುದು ನನ್ನ ಹತ್ತಿರ ಹೊಗೆ ಎಷ್ಟಿದೆ ಅನ್ನುವುದನ್ನೇ.

ನಾನೂ ನನ್ನ ಗೆಳೆಯನೂ ಕೂಡಿ ಮಾಡಿಕೊಂಡ ಒಂದು ಸನ್ನಿವೇಶ ಹೇಳುತ್ತೇನೆ. 1944ರ ಬೇಸಿಗೆ, ಫ್ರಾನ್ಸಿನ ನಾರ್ಮಂಡಿಯ ಒಂದು ಹಳ್ಳಿಯ ಅಂಚು. ನಡುವೆ ಒಂದು ಕಲ್ಲಿನ ಮನೆ, ಅದರೊಳಗೆ ಜರ್ಮನ್ ಮಷಿನ್ ಗನ್. ಎಡಕ್ಕೆ ಸೇಬಿನ ತೋಟ, ಅಲ್ಲಿ ಅವರ ಒಂದು ತುಕಡಿ. ಬಲಕ್ಕೆ ಬೇಲಿ, ಅದರ ಹಿಂದೆ ಇನ್ನೊಂದು. ನನ್ನದು ಬ್ರಿಟಿಷ್ ಪಡೆ. ಮುಂದೆ ಮೂರು ಮನೆಯಷ್ಟು, ಅಂದರೆ 120 ಮೀಟರ್ ಬಟ್ಟಾಬಯಲು. ನನ್ನ ಹತ್ತಿರ ಬ್ರೆನ್ ಗನ್ ಅನ್ನುವ ಹಗುರ ಮಷಿನ್ ಗನ್‌ಗಳು ಮತ್ತು ಒಂದು ಎರಡಿಂಚಿನ ಮಾರ್ಟರ್, ಅಂದರೆ ಗುಂಡನ್ನು ಮೇಲಕ್ಕೆ ಹಾರಿಸಿ ಬೀಳಿಸುವ ಕೊಳವೆ, ಇದ್ದವು. ನಿಜವಾದ ಯುದ್ಧದಲ್ಲೂ ಬ್ರಿಟಿಷ್ ಪ್ಲಟೂನ್‌ಗಳಲ್ಲಿ (ಕೆಲವು ತುಕಡಿ ಸೇರಿದ ದಳ) ಈ ಪುಟ್ಟ ಮಾರ್ಟರ್ ಇರುತ್ತಿತ್ತು. ಅದರ ದೊಡ್ಡ ಕೆಲಸವೇ ಹೊಗೆ ಹಾಕುವುದು.

ಹೊಗೆಯನ್ನು ನಮ್ಮವರ ಮುಂದೆ ಬಯಲಿನಲ್ಲಿ ಹಾಕೋಣ ಅಂತ ಮನಸ್ಸಿಗೆ ಬರುತ್ತದೆ. ಅಡಗಿಕೊಳ್ಳಬೇಕಾದವರು ನಾವೇ ಅಲ್ವಾ? ಆದರೆ ಲೆಕ್ಕ ಹಾಕಿ ನೋಡಿ. ಬಯಲಿನ ಒಂದು ಮನೆಯಲ್ಲಿ ಹೊಗೆ ಇದ್ದರೆ ಆ ದಾರಿಯಲ್ಲಿ ಹಾಯುವ ನೋಟಕ್ಕೆ ಮಾತ್ರ ಅಡ್ಡಿ. ಪಕ್ಕದ ಮನೆಯಲ್ಲಿ ಓಡುವವನು ಬಟಾಬಯಲಲ್ಲೇ ಇರುತ್ತಾನೆ. ಅದೇ ಹೊಗೆಯನ್ನು ಮಷಿನ್ ಗನ್ ಕೂತ ಕಲ್ಲಿನ ಮನೆಯ ಮೇಲೆ ಹಾಕಿದರೆ ಅವನಿಗೆ ಯಾವ ದಿಕ್ಕಿಗೂ ಸರಿಯಾಗಿ ಕಾಣುವುದಿಲ್ಲ. ಈ ಆಟದಲ್ಲಿ ಗುಂಡು ಹಾರಿಸುವವನಿಗೆ ದಾಳದಲ್ಲಿ ಕಡಿಮೆ ಬಿದ್ದಷ್ಟೂ ಒಳ್ಳೆಯದು. ಬಯಲಲ್ಲಿ ಓಡುವವನ ಮೇಲೆ ಹೊಡೆದರೆ ಎರಡು ಕಳೆಯಬಹುದು. ಹೊಗೆ ಬಂದರೆ ಮೂರು ಕೂಡಬೇಕು, ಹೊಗೆಯ ಒಳಗಿನಿಂದ ಹೊಡೆಯುವವನು ಇನ್ನೊಂದು ಕೂಡಬೇಕು. ಬಯಲಿನಿಂದ ಸಿಗುತ್ತಿದ್ದ ಲಾಭದಲ್ಲೂ ಒಂದು ಹೋಗುತ್ತದೆ. ಎಲ್ಲ ಸೇರಿದರೆ ಐದರಷ್ಟು ವ್ಯತ್ಯಾಸ. ಎರಡು ದಾಳದ ಆಟದಲ್ಲಿ ಐದು ಅಂದರೆ ಸಣ್ಣದಲ್ಲ. ಸಾಯುವವರು ಬದುಕುತ್ತಾರೆ.

ಇದಕ್ಕೊಂದು ಬೆಲೆಯೂ ಇದೆ. ಹೊಗೆ ಎರಡೂ ಕಡೆಯ ಕಣ್ಣು ಕಟ್ಟುತ್ತದೆ. ಆ ಕಲ್ಲಿನ ಮನೆಗೆ ಈಗ ನನ್ನ ಗುಂಡೂ ಸರಿಯಾಗಿ ತಾಗುವುದಿಲ್ಲ. ಆದರೆ ಕಲ್ಲಿನ ಗೋಡೆಯ ಹಿಂದಿರುವವನಿಗೆ ಹೇಗೂ ಮೂರು ಅಂಕದ ರಕ್ಷಣೆ ಇದೆ. ಅವನ ಮೇಲೆ ಗುಂಡು ಸುರಿದರೆ ಸುಮ್ನೆ ದಂಡ. ಹಾಗಾಗಿ ಹೊಡೆದರೂ ಬೀಳದವನ ಕಣ್ಣು ಕಟ್ಟುತ್ತೇನೆ, ಹೊಡೆದರೆ ಬೀಳುವವನ ಮೇಲೆ ಗುಂಡು ಹಾಕುತ್ತೇನೆ. ಬ್ರೆನ್‌ಗಳೆಲ್ಲ ಸೇಬಿನ ತೋಟದ ಕಡೆ ತಿರುಗಿದವು. ಮರಗಳು ಅಲ್ಲಿದ್ದವರಿಗೆ ಹೇಳಿಕೊಳ್ಳುವಂಥ ಆಸರೆ ಕೊಡುವುದಿಲ್ಲ. ತೋಟದಲ್ಲಿದ್ದ ತುಕಡಿ ಚದುರಿತು. ಮಷಿನ್ ಗನ್ ಅವರಿಗೆ ನೆರವಾಗಲಿಲ್ಲ. ಶತ್ರುವಿನ ಮೂರು ಕಾಯಿಗಳನ್ನು ಒಟ್ಟಿಗೆ ಎದುರಿಸುವ ಬದಲು ಒಂದೊಂದಾಗಿ ಎದುರಿಸಿದೆ. ಹೊಗೆಯ ನಿಜವಾದ ಉಪಯೋಗ ಇದೇ ಅಂತ ನನ್ನ ನಂಬಿಕೆ. ಅದು ನಮ್ಮನ್ನು ಮುಚ್ಚುವುದಕ್ಕಿಂತ ಅವರನ್ನು ಒಬ್ಬರಿಂದ ಒಬ್ಬರನ್ನು ಬೇರೆ ಮಾಡುತ್ತದೆ.

ಮಾರ್ಟರ್ ಹೊಗೆ ಸುತ್ತಿನ ಮೊದಲಲ್ಲೇ ಹಾರುತ್ತದೆ, ಕಾಯಿ ನಡೆಸುವುದು ಆಮೇಲೆ. ಇದು ವರ. ಹೊಗೆ ಬಿದ್ದಿದೆಯೋ ಇಲ್ಲವೋ ನೋಡಿಕೊಂಡು ಹೊರಡಬಹುದು. ಬೀಳದಿದ್ದರೆ ನಾನು ಯಾರನ್ನೂ ಕದಲಿಸುವುದಿಲ್ಲ. ಒಂದು ಸುತ್ತು ಕಳೆದರೆ ಕಳೆಯಲಿ. ತುಕಡಿಗಳು ಕೈಯಿಂದ ಎಸೆಯುವ ಹೊಗೆ ಬಾಂಬ್ ಬೇರೆ ಥರ. ಪಕ್ಕದ ಮನೆಗೆ ಎಸೆದರೆ ಓಟದ ಎರಡು ಅಂಕ ಖರ್ಚು, ದಾಳದಲ್ಲಿ ಆರು ಬಿದ್ದರೆ ಎಸೆದವರು ಅಲ್ಲೇ ನಿಂತುಬಿಡಬೇಕು. ಅದಕ್ಕೇ ಎಸೆಯುವ ಕೆಲಸ ಒಂದೇ ತುಕಡಿಗೆ, ಅದೂ ಆಸರೆಯಲ್ಲಿರುವವರಿಗೆ ಕೊಡುತ್ತೇನೆ. ಓಡುವವರು ಓಡಲಿ.

ಇನ್ನು ಗಾಳಿ. 1701ರಲ್ಲಿ ಸ್ವೀಡನ್ನಿನ ದೊರೆ ಹನ್ನೆರಡನೇ ಚಾರ್ಲ್ಸ್ ಈಗಿನ ಲಾಟ್ವಿಯಾದ ರೀಗಾ ಹತ್ತಿರ ದೌಗಾವಾ ನದಿ ದಾಟಿದ. ಒದ್ದೆ ಹುಲ್ಲು ಸುಟ್ಟು ಹೊಗೆ ಎಬ್ಬಿಸಿದ. ಗಾಳಿ ಅದನ್ನು ಎದುರು ದಡದ ಶತ್ರುವಿನ ಕಡೆಗೇ ತಳ್ಳಿತು. ಇದಕ್ಕೆ ಉಲ್ಟಾ ಆಗಿದ್ದು 1918ರ ಏಪ್ರಿಲ್ 23ರಂದು, ಬೆಲ್ಜಿಯಂನ ಜೀಬ್ರುಗೆ ಬಂದರಿನಲ್ಲಿ. ಬ್ರಿಟಿಷ್ ನೌಕಾಪಡೆ ಹೊಗೆಯ ಮರೆಯಲ್ಲಿ ಬರುತ್ತಿತ್ತು. ಬಂದರಿನ ಕಟ್ಟೆ ಇನ್ನೇನು ಸಿಕ್ಕಿತು ಅನ್ನುವಾಗ ಗಾಳಿ ತಿರುಗಿತು. ವಿಂಡಿಕ್ಟಿವ್ ಹಡಗು ಜರ್ಮನ್ ಫಿರಂಗಿಗಳ ಎದುರು ಬಯಲಾಯಿತು. ಆ ದಾಳಿಯಲ್ಲಿ ಬ್ರಿಟಿಷರ ಕಡೆ ಇನ್ನೂರಕ್ಕೂ ಜಾಸ್ತಿ ಜನ ಸತ್ತರು. ಹೊಗೆಯ ಏರ್ಪಾಡು ಮಾಡಿದ್ದ ಫ್ರಾಂಕ್ ಬ್ರಾಕ್ ಕೂಡ ಅವರಲ್ಲಿ ಒಬ್ಬರು.

ಗಾಳಿಯಷ್ಟೇ ಮುಖ್ಯ ಹೊತ್ತು. ಮುಂಜಾವದಲ್ಲಿ ನೆಲ ತಣ್ಣಗಿರುತ್ತದೆ, ಮೇಲಿನ ಗಾಳಿ ಬೆಚ್ಚಗಿರುತ್ತದೆ. ಆಗ ಹೊಗೆ ನೆಲ ಬಿಟ್ಟು ಏಳುವುದಿಲ್ಲ. ಮಧ್ಯಾಹ್ನ ಕಾದ ನೆಲದ ಮೇಲೆ ಹೊಗೆ ಸರ್ರನೆ ಮೇಲೇರಿ ಹೋಗುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಇನ್ನೂ ಒಳ್ಳೆಯದು. ರಂಜಕದ (ಫಾಸ್ಫರಸ್) ಹೊಗೆಯಾಗಲಿ, ಸತುವಿನ ಹೊಗೆಯಾಗಲಿ, ಗಾಳಿಯ ನೀರನ್ನು ಹೀರಿಕೊಂಡೇ ದಟ್ಟವಾಗುವುದು. ಇದನ್ನು ತಿಳಿದ ಮೇಲೆ ನಮ್ಮ ಮೇಜಿಗೆ ಒಂದು ಸ್ವಂತ ನಿಯಮ ಮಾಡಿಕೊಂಡೆವು. ಬಿಸಿಲ ಮಧ್ಯಾಹ್ನದ ಆಟದಲ್ಲಿ ಹೊಗೆ ಬೀಳುವಾಗಲೇ ಅರ್ಧ ಚದುರಿದ ಹೊಗೆ ಅಂತ ಲೆಕ್ಕ. ಮೂರರ ಬದಲು ಎರಡು. ಆಟ ಬಿಗಿಯಾಯಿತು.

ಹೊಗೆ ಜಾಸ್ತಿಯಾದರೂ ಕಷ್ಟವೇ. 1944ರ ಜನವರಿಯಲ್ಲಿ ಇಟಲಿಯ ರಾಪಿಡೋ ನದಿ ದಾಟುವಾಗ ಅಮೆರಿಕನ್ನರು ಹಾಕಿದ ದಟ್ಟ ಹೊಗೆ ಅವರದೇ ಫಿರಂಗಿ ವೀಕ್ಷಕರ ಕಣ್ಣು ಕಟ್ಟಿತು. ಆಚೆ ದಡದಲ್ಲಿ ಸಿಕ್ಕಿಕೊಂಡ ತಮ್ಮವರಿಗೆ ಗುರಿಯಿಟ್ಟು ನೆರವು ಕೊಡುವುದು ಕಷ್ಟವಾಯಿತು. ನಾನು ಹೊಗೆ ಹಾಕುವ ಮೊದಲು ಶತ್ರುವಿನ ಕಡೆ ಕೂತು ನಕ್ಷೆ ನೋಡುತ್ತೇನೆ. ಆಮೇಲೆ ನನ್ನ ಕಡೆಯಿಂದ ನೋಡುತ್ತೇನೆ. ನನ್ನ ಯಾವ ಬಂದೂಕಿಗೆ ಏನು ಕಾಣದೆ ಹೋಗುತ್ತದೆ ಅಂತ ಒಂದೊಂದೇ ನೋಡಿಕೊಳ್ಳುತ್ತೇನೆ.

ಬಿಳಿ ರಂಜಕದ ಬಗ್ಗೆ ಒಂದು ಮಾತು. ಆಟದಲ್ಲಿ ಅದು ಹೊಗೆಯೂ ಹೌದು, ಶತ್ರುವಿನ ಧೈರ್ಯ ಕೆಡಿಸುವ ಅಸ್ತ್ರವೂ ಹೌದು. ನಿಜದಲ್ಲಿ ಅದು ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುವ ವಸ್ತು. ಮೈಗೆ ಅಂಟಿದರೆ ಮೂಳೆಯವರೆಗೂ ಸುಡುತ್ತದೆ. ನಾನು ಹೊಸಬರಿಗೆ ಆ ಕಾಯಿ ಕೈಗೆ ಕೊಡುವಾಗ ಇದನ್ನು ಹೇಳದೆ ಬಿಡುವುದಿಲ್ಲ. ಮೇಜಿನ ಮೇಲೆ ಅದು ಬರೀ ಅಂಕವಾಗಿ ಉಳಿಯಬಾರದು.

ಈಚೆಗೆ ಇವತ್ತಿನ ಕಾಲದ ಸನ್ನಿವೇಶಗಳನ್ನೂ ಆಡುತ್ತಿದ್ದೇವೆ. ಅಲ್ಲಿ ಹಳೆಯ ಲೆಕ್ಕ ನಡೆಯುವುದಿಲ್ಲ. ಬಿಸಿ ನೋಡುವ ಥರ್ಮಲ್ ಕ್ಯಾಮೆರಾಗೆ ಸಾಮಾನ್ಯ ಬಿಳಿ ಹೊಗೆ ಹೆಚ್ಚು ಅಡ್ಡಿಯಲ್ಲ. ಅದಕ್ಕೆ ಕೆಂಪು ರಂಜಕ, ಲೋಹದ ಪುಡಿ ಸೇರಿದ ಬೇರೆ ಹೊಗೆ ಬೇಕು. ಮೇಲೆ ಡ್ರೋನ್ ಇದ್ದರೆ ಮುಂದೆ ಗೋಡೆಯ ಹಾಗೆ ನಿಂತ ಹೊಗೆ ಸಾಲದು, ತಲೆಯ ಮೇಲೂ ಹರಡಬೇಕು. ಈಗ ನಾವು ಆಟ ಶುರುಮಾಡುವ ಮೊದಲು ಎರಡೂ ಕಡೆ ಯಾರ ಹತ್ತಿರ ಥರ್ಮಲ್ ಇದೆ, ಯಾರ ಹತ್ತಿರ ಡ್ರೋನ್ ಇದೆ ಅಂತ ಚೀಟಿಯಲ್ಲಿ ಬರೆದು ಮಡಚಿ ಇಡುತ್ತೇವೆ. ಮೊದಲ ಹೊಗೆ ಬಿದ್ದ ಮೇಲೆಯೇ ಚೀಟಿ ಬಿಚ್ಚುವುದು.