ವಿಪತ್ತು ನಿರ್ವಹಣೆ ಓದಬೇಕೆ? ಮೊದಲು ನಿಮ್ಮ ಜಿಲ್ಲೆಯ ಯೋಜನೆ ಓದಿ

ವಿಪತ್ತು ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಮಾಡುತ್ತೇನೆ ಎಂದೊಡನೆ ಮನೆಯವರ ಕಣ್ಣಿಗೆ ಕಟ್ಟುವುದು ಕಿತ್ತಳೆ ಸಮವಸ್ತ್ರ, ಹಗ್ಗ, ದೋಣಿ. ನಿಮ್ಮ ಆಸೆಯೂ ಅದೇ ಆಗಿದ್ದರೆ ಈ ಓದು ಬೇಡ. ಎನ್‌ಡಿಆರ್‌ಎಫ್‌ಗೆ (ರಕ್ಷಣಾ ಕಾರ್ಯದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಗೆ) ಸಿಬ್ಬಂದಿ ಬರುವುದು ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳಿಂದ, ನಿಯೋಜನೆಯ ಮೇಲೆ. ಈ ಪದವಿ ಹೆಚ್ಚಾಗಿ ಕಲಿಸುವುದು ಮಳೆ ಬರುವ ಮುಂಚಿನ ಕೆಲಸವನ್ನು ಮತ್ತು ಟಿವಿಯವರು ಹೊರಟುಹೋದ ಮೇಲಿನ ಕೆಲಸವನ್ನು.

ಮೊದಲ ಹೆಜ್ಜೆಗೆ ಶುಲ್ಕವಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು. ನಿಮ್ಮ ಜಿಲ್ಲಾಡಳಿತದ ಜಾಲತಾಣದಲ್ಲಿ ಅದನ್ನು ಹುಡುಕಿ, ಪೆನ್ಸಿಲ್ ಹಿಡಿದು ಓದಿ. ಯಾವ ಊರಿನ ರಸ್ತೆ ಮೊದಲು ಮುಳುಗುತ್ತದೆ? ಕಾಳಜಿ ಕೇಂದ್ರವೆಂದು, ಅಂದರೆ ಸಂತ್ರಸ್ತರ ಆಶ್ರಯತಾಣವೆಂದು, ಗುರುತಿಸಿದ ಶಾಲೆಯೇ ಹೊಳೆಯ ದಂಡೆಯಲ್ಲಿದೆಯೇ? ಅಲ್ಲಿರುವ ದೂರವಾಣಿ ಸಂಖ್ಯೆಗಳು ಇನ್ನೂ ಚಾಲ್ತಿಯಲ್ಲಿವೆಯೇ? ಹತ್ತನೇ ಪುಟಕ್ಕೆ ನಿದ್ದೆ ಬಂದರೆ ಎರಡು ವರ್ಷ ಉಳಿಯಿತು ಎಂದುಕೊಳ್ಳಿ. ಜಗಳವಾಡಬೇಕೆನಿಸಿದರೆ ಅರ್ಜಿ ಹಾಕಿ.

ಎಲ್ಲಿಗೆ ಎಂಬುದು ನೀವು ಯಾವ ಬಾಗಿಲಿನಿಂದ ಬರುತ್ತೀರಿ ಎಂಬುದರ ಮೇಲಿದೆ. ಸಿವಿಲ್ ಎಂಜಿನಿಯರಿಂಗ್ ಓದಿದವರು ಗೇಟ್ ಪ್ರವೇಶ ಪರೀಕ್ಷೆ ಬರೆದು ರೂರ್ಕಿ ಐಐಟಿಯ ಎಂ.ಟೆಕ್ ಕಡೆ ನೋಡಬಹುದು. ಜನ, ಜಾತಿ, ಪುನರ್ವಸತಿಯ ಪ್ರಶ್ನೆಗಳು ಕಾಡುವವರಿಗೆ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಹೆಚ್ಚು ಒಗ್ಗುತ್ತದೆ. ಕೆಲಸ ಬಿಡಲಾಗದವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಇದೆ. ಅದಕ್ಕೆ ಸೇರಲು ಯಾವ ಪದವಿಯಾದರೂ ಸಾಕು.

ಸೇರುವ ಮುನ್ನ ಹಳೆಯ ವಿದ್ಯಾರ್ಥಿಗಳನ್ನು ಹಿಡಿದು ಕೇಳಿ: ಕ್ಷೇತ್ರಕಾರ್ಯ ಎಷ್ಟು ವಾರ? ಜಿಐಎಸ್ (ಭೌಗೋಳಿಕ ಮಾಹಿತಿ ವ್ಯವಸ್ಥೆ) ನಕ್ಷೆಯನ್ನು ಕೈಯಾರೆ ಮಾಡಿಸುತ್ತಾರೆಯೇ, ಪರದೆಯ ಮೇಲೆ ತೋರಿಸಿ ಮುಗಿಸುತ್ತಾರೆಯೇ? ನಕ್ಷೆ ಬಾರದೆ ಈ ಪದವಿ ಹಿಡಿದು ಹೊರಬರುವುದು ಈಜು ಬಾರದೆ ದೋಣಿ ಹತ್ತಿದಂತೆ.

ತರಬೇತಿಗೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ಗ್ರಾಮ ಪಂಚಾಯಿತಿ ಮಟ್ಟದವರೆಗೂ ಅದರ ಮಳೆಮಾಪಕಗಳಿವೆ. ಅದು 1988ರಲ್ಲಿ ಹುಟ್ಟಿದ್ದು ಬರ ಉಸ್ತುವಾರಿ ಘಟಕವಾಗಿ ಎಂಬುದನ್ನು ಮರೆಯಬೇಡಿ. ನಮ್ಮಲ್ಲಿ ಈ ವಿದ್ಯೆ ಮೊದಲು ಕಣ್ಣಿಟ್ಟದ್ದು ಸದ್ದಿಲ್ಲದೆ ಬರುವ ವಿಪತ್ತಿನ ಮೇಲೆ. ಕೊಡಗು, ಶಿರೂರಿನ ಭೂಕುಸಿತಗಳಿಂದ ಪ್ರೇರಣೆ ಪಡೆದ ಹುಡುಗರು ಬರವನ್ನು ವಿಪತ್ತೆಂದೇ ಎಣಿಸುವುದಿಲ್ಲ.

ಉದ್ಯೋಗದ ವಿಷಯದಲ್ಲಿ ಮುಚ್ಚುಮರೆ ಬೇಡ: ಜಿಲ್ಲಾ ಮಟ್ಟದ ಹುದ್ದೆಗಳಲ್ಲಿ ಗುತ್ತಿಗೆಯವು ಬಹಳ. ಸ್ವಯಂಸೇವಾ ಸಂಸ್ಥೆಗಳು, ಕಾರ್ಖಾನೆಗಳ ಸುರಕ್ಷತಾ ವಿಭಾಗಗಳು, ವಿಮಾ ಕಂಪನಿಗಳನ್ನೂ ಪಟ್ಟಿಯಲ್ಲಿಡಿ.

ಕೊನೆಗೆ, ಸಂದರ್ಶನದಲ್ಲಿ ‘ಜನಸೇವೆಯ ಹಂಬಲ’ ಎನ್ನಬೇಡಿ. ಎಲ್ಲರೂ ಅದನ್ನೇ ಹೇಳಿರುತ್ತಾರೆ. ಹೊಳೆದಂಡೆಯ ಆ ಶಾಲೆಯ ಬದಲು ಕಾಳಜಿ ಕೇಂದ್ರ ಎಲ್ಲಿರಬೇಕು, ಏಕೆ ಎಂದು ನಕ್ಷೆ ಬಿಡಿಸಿ ತೋರಿಸಿ.